ಕಾಸರಗೋಡಿನ ಕಚೇರಿಯಿಂದ ಕನ್ನಡದಲ್ಲಿ ಉತ್ತರ ಪಡೆಯುವುದು ಹೇಗೆ?

“ಕನ್ನಡದಲ್ಲಿ ಬರೆದ ಅರ್ಜಿಯನ್ನು ತೆಗೆದುಕೊಳ್ಳಲಿಲ್ಲ, ಮಲಯಾಳದಲ್ಲಿ ಬರೆಸಿ ತನ್ನಿ ಎಂದರು.” “ಅರ್ಜಿ ತೆಗೆದುಕೊಂಡರು, ಆದರೆ ನೋಟೀಸು ಮಲಯಾಳದಲ್ಲಿ ಬಂತು. ಓದಿಸಲು ಹೋಗುವಷ್ಟರಲ್ಲಿ ಆಕ್ಷೇಪಣೆಯ ಗಡುವು ಮುಗಿದಿತ್ತು.” ಮಂಜೇಶ್ವರ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ದೇಲಂಪಾಡಿ, ಎಲ್ಲಿಯ ಓದುಗರನ್ನು ಕೇಳಿದರೂ ಪ್ರಶ್ನೆ ಇವೆರಡರಲ್ಲಿ ಒಂದು. ಇದಕ್ಕೆ ಕಾನೂನಿನಲ್ಲಿ ಉತ್ತರವಿದೆ. ಆದರೆ ಆ ಉತ್ತರ ಕೇರಳದ ಕಾನೂನಿನಲ್ಲಿದೆ, ಕರ್ನಾಟಕದ ಕಾನೂನಿನಲ್ಲಿ ಇಲ್ಲ. ನಮ್ಮ ಬಹುಪಾಲು ಅರ್ಜಿಗಳು ಸೋಲುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

1963ರ ಕರ್ನಾಟಕ ಅಧಿಕೃತ ಭಾಷಾ ಅಧಿನಿಯಮವಾಗಲಿ, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಸುತ್ತೋಲೆಯಾಗಲಿ ತಲಪಾಡಿಯಿಂದ ಈಚೆಗೆ ಯಾವ ಅಧಿಕಾರಿಯನ್ನೂ ಕಟ್ಟಿಹಾಕುವುದಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಚರಿತ್ರೆಯ ಮಾತು; ಅದನ್ನು ಅರ್ಜಿಯಲ್ಲಿ ಬರೆದರೆ ನಿಮ್ಮ ಜಾಗದ ದಾಖಲೆಯ ತಕರಾರು ಗಡಿ ವಿವಾದವಾಗಿ ಬದಲಾಗಿ ಕಡತದ ತಳಕ್ಕೆ ಹೋಗುತ್ತದೆ. 1956ರ ನವೆಂಬರ್ 1ರಿಂದ ನಾವು ಕೇರಳದ ಭಾಷಾ ಅಲ್ಪಸಂಖ್ಯಾತರು. ಆ ಸ್ಥಾನಕ್ಕೆ ಇರುವ ಹಕ್ಕನ್ನು ಹೇಗೆ ಬಳಸಬೇಕೆಂಬುದು ಈ ಲೇಖನದ ವಿಷಯ.

ಮೊದಲು ತಿಳಿದಿರಬೇಕಾದದ್ದು: ಎರಡು ಹಕ್ಕುಗಳು, ಎರಡರ ವ್ಯಾಪ್ತಿಯೂ ಬೇರೆ

ಸಂವಿಧಾನದ 350ನೇ ವಿಧಿಯ ಪ್ರಕಾರ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಆ ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಅಂದರೆ ಕುಂದುಕೊರತೆಯ ಮನವಿಯನ್ನು ಕನ್ನಡದಲ್ಲಿದೆ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಲಾಗದು. ಆದರೆ ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಈ ವಿಧಿ ಹೇಳುವುದಿಲ್ಲ.

ಉತ್ತರದ ಹಕ್ಕು ಇರುವುದು 1969ರ ಕೇರಳ ಅಧಿಕೃತ ಭಾಷೆಗಳ (ಶಾಸನ) ಕಾಯ್ದೆಯಲ್ಲಿ. ಆ ಕಾಯ್ದೆ ಮಲಯಾಳ ಮತ್ತು ಇಂಗ್ಲಿಷನ್ನು ಅಧಿಕೃತ ಭಾಷೆಗಳೆಂದು ಹೇಳಿದ ಮೇಲೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಕಲಂ ಒಂದನ್ನು ಇಟ್ಟಿದೆ: ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್, ಇಲಾಖಾ ಮುಖ್ಯಸ್ಥರು, ಹಾಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಸರಕಾರ ಘೋಷಿಸಿರುವ ಕಡೆಯ ರಾಜ್ಯ ಸರಕಾರದ ಸ್ಥಳೀಯ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದು, ಅವರಿಗೆ ಹೋಗುವ ಉತ್ತರವೂ ಅದೇ ಭಾಷೆಯಲ್ಲಿ ಇರತಕ್ಕದ್ದು. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳು ಅಂತಹ ಪ್ರದೇಶದೊಳಗೆ ಬರುತ್ತವೆ.

ಒಂದು ಎಚ್ಚರಿಕೆ. ಕೇರಳ ವಿಧಾನಸಭೆ 2015ರಲ್ಲಿಯೂ 2025ರಲ್ಲಿಯೂ ಮಲಯಾಳ ಭಾಷೆಗೆ ಸಂಬಂಧಿಸಿದ ಮಸೂದೆಗಳನ್ನು ಅಂಗೀಕರಿಸಿದೆ. ಆದ್ದರಿಂದ ಅರ್ಜಿಯಲ್ಲಿ 1969ರ ಕಾಯ್ದೆಯ ಹೆಸರನ್ನು ಬರೆದು, ಅದರ ಬೆನ್ನಿಗೇ “ಹಾಗೂ ಸದ್ಯ ಜಾರಿಯಲ್ಲಿರುವ ಅಧಿಕೃತ ಭಾಷಾ ಶಾಸನದ ಭಾಷಾ ಅಲ್ಪಸಂಖ್ಯಾತರ ಕಲಮಿನ ಪ್ರಕಾರ” ಎಂದು ಸೇರಿಸಿರಿ. ಹಳೆಯ ಕಾಯ್ದೆಯನ್ನು ಉಲ್ಲೇಖಿಸಿದ್ದೀರಿ ಎಂಬ ನೆಪಕ್ಕೆ ಆಗ ಎಡೆಯಿರುವುದಿಲ್ಲ.

ಹಂತ 1: ನೀವು ಯಾವ ಕಚೇರಿಗೆ ಬರೆಯುತ್ತಿದ್ದೀರಿ?

ವಿಲೇಜ್ ಆಫೀಸು, ತಾಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ಕೃಷಿ ಭವನ, ಉಪಜಿಲ್ಲಾ ಶಿಕ್ಷಣಾಧಿಕಾರಿಯ ಕಚೇರಿ, ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿರುವ ಕಲೆಕ್ಟರೇಟ್: ಇವೆಲ್ಲ ರಾಜ್ಯ ಸರಕಾರದ ಕಚೇರಿಗಳು. ಇವುಗಳ ವಿಷಯದಲ್ಲಿ ನಿಮ್ಮ ನೆಲೆ ಗಟ್ಟಿ. ಪಂಚಾಯತ್ ಸ್ಥಳೀಯಾಡಳಿತ ಸಂಸ್ಥೆಯಾದ್ದರಿಂದ “ರಾಜ್ಯ ಸರಕಾರದ ಸ್ಥಳೀಯ ಕಚೇರಿ” ಎಂಬ ಮಾತಿನೊಳಗೆ ಅದು ಬರುವುದಿಲ್ಲ ಎಂದು ಯಾರಾದರೂ ವಾದಿಸಬಹುದು. ಹಾಗಾಗಿ ಪಂಚಾಯತ್ತಿಗೆ ಬರೆಯುವಾಗ 350ನೇ ವಿಧಿಯನ್ನೂ ತಪ್ಪದೆ ಉಲ್ಲೇಖಿಸಿರಿ. ರಾಷ್ಟ್ರೀಕೃತ ಬ್ಯಾಂಕು, ಅಂಚೆ, ರೈಲ್ವೆ ಇವು ಕೇಂದ್ರ ಸರಕಾರಕ್ಕೆ ಸೇರಿದವು. ಅಲ್ಲಿ ಕೇರಳದ ಭಾಷಾ ಕಾಯ್ದೆಯನ್ನು ತೋರಿಸಿ ಪ್ರಯೋಜನವಿಲ್ಲ.

ಇಲ್ಲಿ ನಮ್ಮ ಊರಿಗೇ ವಿಶಿಷ್ಟವಾದ ತೊಡಕೊಂದಿದೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಅಥವಾ ಬ್ಯಾರಿ ಮಾತನಾಡಿ ಶಾಲೆಯಲ್ಲಿ ಕನ್ನಡ ಕಲಿತವರು ನಮ್ಮಲ್ಲಿ ಬಹಳ. ಕಾಯ್ದೆ ಹೆಸರಿಸಿರುವುದು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರನ್ನು ಮಾತ್ರ. ಬೇರೆ ಭಾಷೆಯ ಅಲ್ಪಸಂಖ್ಯಾತರಿಗೆ ಅದು ಕೊಡುವುದು ಇಂಗ್ಲಿಷಿನಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶವನ್ನು. “ನನ್ನ ಮಾತೃಭಾಷೆ ತುಳು” ಎಂದು ಬರೆದು ಕನ್ನಡದಲ್ಲಿ ಉತ್ತರ ಕೇಳಿದರೆ ಗುಮಾಸ್ತರು ಈ ವ್ಯತ್ಯಾಸವನ್ನೇ ಹಿಡಿದುಕೊಳ್ಳಬಹುದು. ಸುಳ್ಳು ಬರೆಯುವ ಅಗತ್ಯವಿಲ್ಲ. “ನಾನು ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದ್ದು, ನನ್ನ ಓದು ಬರಹದ ಭಾಷೆ ಕನ್ನಡ, ಕನ್ನಡ ಭಾಷಾ ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದವನು” ಎಂದು ಬರೆದು ಶಾಲಾ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿದರೆ ಸಾಕಾಗುತ್ತದೆ.

ಹಂತ 2: ಅರ್ಜಿಯನ್ನು ಬರೆಯುವುದು

ಒಂದು ಪುಟ ಮೀರಬಾರದು. ಮೊದಲು ನಿಮ್ಮ ಮೂಲ ಬೇಡಿಕೆ (ಪೋಕುವರವು, ತೆರಿಗೆ, ಪಿಂಚಣಿ, ರೇಷನ್ ಕಾರ್ಡಿನ ತಿದ್ದುಪಡಿ, ಏನೇ ಇರಲಿ) ಸರ್ವೆ ನಂಬ್ರ, ಕಾರ್ಡ್ ನಂಬ್ರಗಳ ಸಹಿತ ಸ್ಪಷ್ಟವಾಗಿ ಬರಲಿ. ಭಾಷೆಯ ವಿಷಯ ಕೊನೆಯ ವಾಕ್ಯವೃಂದದಲ್ಲಿ ಬಂದರೆ ಸಾಕು. ಪೋಕುವರವು ಎಂದರೆ ಜಾಗದ ಹಕ್ಕು ಬದಲಾವಣೆಯನ್ನು ಕಂದಾಯ ದಾಖಲೆಯಲ್ಲಿ ಸೇರಿಸುವುದು. ಇಲ್ಲಿನ ಕಚೇರಿಯಲ್ಲಿ ಚಾಲ್ತಿಯಲ್ಲಿರುವ ಪದ ಇದಾದ್ದರಿಂದ ಇದನ್ನೇ ಬಳಸಿರಿ, ಕರ್ನಾಟಕದ ಪದಗಳನ್ನು ಬಳಸಿದರೆ ಕನ್ನಡ ಬಲ್ಲ ಗುಮಾಸ್ತರಿಗೂ ಗೊಂದಲವಾಗುತ್ತದೆ.

ಭಾಷೆಯ ವಾಕ್ಯವೃಂದವನ್ನು ಹೀಗೆ ಬರೆಯಬಹುದು:

“ಮಾನ್ಯರೇ, ನಾನು ಘೋಷಿತ ಭಾಷಾ ಅಲ್ಪಸಂಖ್ಯಾತ ಪ್ರದೇಶದ ನಿವಾಸಿಯಾಗಿದ್ದು ಕನ್ನಡ ಭಾಷಾ ಅಲ್ಪಸಂಖ್ಯಾತನಾಗಿದ್ದೇನೆ. ಸಂವಿಧಾನದ 350ನೇ ವಿಧಿ, 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಹಾಗೂ ಸದ್ಯ ಜಾರಿಯಲ್ಲಿರುವ ಅಧಿಕೃತ ಭಾಷಾ ಶಾಸನದ ಭಾಷಾ ಅಲ್ಪಸಂಖ್ಯಾತರ ಕಲಮಿನ ಪ್ರಕಾರ ಈ ಅರ್ಜಿಯನ್ನು ಕನ್ನಡದಲ್ಲಿ ಸಲ್ಲಿಸಿರುತ್ತೇನೆ. ಇದಕ್ಕೆ ಸಂಬಂಧಿಸಿದ ಉತ್ತರ, ನೋಟೀಸು ಮತ್ತು ಆದೇಶಗಳನ್ನು ಕನ್ನಡದಲ್ಲಿಯೇ ನೀಡಬೇಕಾಗಿ ವಿನಂತಿ.”

ಈ ಕೊನೆಯ ವಾಕ್ಯವನ್ನು ಬಿಡಬೇಡಿ. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಉತ್ತರವೂ ಕನ್ನಡದಲ್ಲಿ ಬರಬೇಕೆಂಬುದು ಕಾಯ್ದೆಯ ಆಶಯವಾದರೂ, ಮುಂದೆ ಮೇಲಧಿಕಾರಿಯ ಅಥವಾ ನ್ಯಾಯಾಲಯದ ಮುಂದೆ “ಕೇಳಿದ್ದೆ, ಕೊಡಲಿಲ್ಲ” ಎಂದು ತೋರಿಸಲು ಲಿಖಿತ ಬೇಡಿಕೆ ಇರಬೇಕು.

ತುರ್ತು ವಿಷಯವಿದ್ದರೆ (ಆಸ್ಪತ್ರೆಯ ಧನಸಹಾಯ, ಪರೀಕ್ಷೆಗೆ ಬೇಕಾದ ಪ್ರಮಾಣಪತ್ರ) ಕನ್ನಡ ಅರ್ಜಿಯ ಜೊತೆ ಮಲಯಾಳ ಅಥವಾ ಇಂಗ್ಲಿಷ್ ಅನುವಾದವನ್ನು ನೀವೇ ಲಗತ್ತಿಸಿರಿ, ಮತ್ತು “ಸೌಕರ್ಯಕ್ಕಾಗಿ ಮಾತ್ರ ಅನುವಾದ ಲಗತ್ತಿಸಿದೆ” ಎಂದು ಬರೆಯಿರಿ. ಹೀಗೆ ಮಾಡುವುದು ಹಕ್ಕನ್ನು ಬಿಟ್ಟುಕೊಟ್ಟಂತೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಗುವಿನ ಸೀಟು ತಪ್ಪಿಹೋದ ಮೇಲೆ ಬಂದ ಕನ್ನಡದ ಉತ್ತರದಿಂದ ಆ ಮನೆಗೆ ಏನೂ ದೊರೆಯದು.

ಹಂತ 3: ರಶೀದಿ ಇಲ್ಲದೆ ಹೊರಗೆ ಬರಬೇಡಿ

ಅರ್ಜಿಯ ಎರಡು ಪ್ರತಿ ಒಯ್ಯಿರಿ. ತಪಾಲು ವಿಭಾಗದಲ್ಲಿ, ಅಂದರೆ ಕಾಗದಪತ್ರ ಸ್ವೀಕರಿಸುವ ಮೇಜಿನಲ್ಲಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಸಹಿ ಹಾಕಿಸಿಕೊಳ್ಳಿರಿ. ಸ್ವೀಕರಿಸಲು ನಿರಾಕರಿಸಿದರೆ ಜಗಳಕ್ಕೆ ಇಳಿಯಬಾರದು, ಬಾಯಿಮಾತಿನ ನಿರಾಕರಣೆಗೆ ಸಾಕ್ಷಿಯೇ ಇರುವುದಿಲ್ಲ. ಅದೇ ದಿನ ಅದೇ ಅರ್ಜಿಯನ್ನು ಸ್ವೀಕೃತಿ ಪತ್ರ ಸಹಿತ ಅಂಚೆಯಲ್ಲಿ ಕಳುಹಿಸಿ, ಅದರ ಜೊತೆ “ಇಂದು ಇಷ್ಟು ಗಂಟೆಗೆ ಖುದ್ದಾಗಿ ಸಲ್ಲಿಸಲು ಬಂದಾಗ ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಸ್ವೀಕರಿಸಲಿಲ್ಲ” ಎಂಬ ಒಂದು ಸಾಲನ್ನು ಸೇರಿಸಿರಿ. ಅಂಚೆ ರಶೀದಿಯನ್ನು ಜೋಪಾನವಾಗಿಡಿ.

ಅಕ್ಷಯ ಕೇಂದ್ರದ ಮೂಲಕ ಆನ್‌ಲೈನಿನಲ್ಲಿ ಸಲ್ಲಿಸುವ ಅರ್ಜಿಗಳಲ್ಲಿ ಬೇರೆಯೇ ಅಪಾಯವಿದೆ. ನೀವು ಹೇಳಿದ್ದನ್ನು ಅಲ್ಲಿನವರು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ತುಂಬಿಸುತ್ತಾರೆ; ಹೆಸರಿನ ಅಕ್ಷರ ತಪ್ಪಿದರೆ ಆಧಾರ್, ರೇಷನ್ ಕಾರ್ಡ್, ಪಿಂಚಣಿ ಒಂದಕ್ಕೊಂದು ಹೊಂದದೆ ವರ್ಷಗಟ್ಟಲೆ ಅಲೆದಾಟವಾಗುತ್ತದೆ. ಸಲ್ಲಿಸುವ ಮೊದಲು ಪರದೆಯ ಮೇಲಿನ ಹೆಸರು, ಮನೆ ಹೆಸರು, ವಿಳಾಸಗಳನ್ನು ಓದಿಸಿ ಕೇಳಿರಿ, ಅರ್ಜಿ ಸಂಖ್ಯೆ ಇರುವ ಚೀಟಿಯನ್ನು ಪಡೆಯಿರಿ.

ಹಂತ 4: ಉತ್ತರ ಬಾರದಿದ್ದರೆ, ಅಥವಾ ಮಲಯಾಳದಲ್ಲಿ ಬಂದರೆ

ಮಲಯಾಳದಲ್ಲಿ ಬಂದ ನೋಟೀಸನ್ನು ಪಕ್ಕಕ್ಕಿಡಬೇಡಿ. ನಾವು ಮಾಡುವ ಅತಿ ದುಬಾರಿ ತಪ್ಪು ಇದೇ. ನೋಟೀಸು ನಿಮಗೆ ತಿಳಿಯದ ಭಾಷೆಯಲ್ಲಿದೆ ಎಂದು ಗಡುವು ತನ್ನಿಂದ ತಾನೇ ನಿಲ್ಲುವುದಿಲ್ಲ. ಕೂಡಲೇ ಯಾರಿಂದಲಾದರೂ ಓದಿಸಿ ವಿಷಯ ಮತ್ತು ಕೊನೆಯ ದಿನಾಂಕವನ್ನು ತಿಳಿದುಕೊಳ್ಳಿರಿ. ಗಡುವಿನೊಳಗೆ ಮೂಲ ವಿಷಯಕ್ಕೆ ಕನ್ನಡದಲ್ಲಿ ಆಕ್ಷೇಪಣೆ ಸಲ್ಲಿಸಿ, ಅದರಲ್ಲಿಯೇ ನೋಟೀಸಿನ ಕನ್ನಡ ಪ್ರತಿಯನ್ನೂ ಅದು ಕೈಸೇರಿದ ಮೇಲೆ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶವನ್ನೂ ಕೇಳಿರಿ.

ಉತ್ತರವೇ ಇಲ್ಲದಿದ್ದರೆ ಒಂದು ತಿಂಗಳ ನಂತರ ನೆನಪೋಲೆ. ಅದಕ್ಕೂ ಉತ್ತರವಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ. ಇಲ್ಲಿ ಗಮನ ಬೇಕು: ಆ ಕಾಯ್ದೆಯ 6ನೇ ಕಲಂ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕೆನ್ನುತ್ತದೆ. ಕೇರಳದ ಅಧಿಕೃತ ಭಾಷೆಗಳು ಮಲಯಾಳ ಮತ್ತು ಇಂಗ್ಲಿಷ್. ಕಾಸರಗೋಡಿನಲ್ಲಿ ಕನ್ನಡವನ್ನೂ ಪರಿಗಣಿಸಬೇಕೆಂದು ವಾದಿಸಬಹುದಾದರೂ, ಮಾಹಿತಿ ಪಡೆಯಲೆಂದು ಹಾಕಿದ ಅರ್ಜಿಯಲ್ಲಿ ಆ ವಾದಕ್ಕೆ ತಿಂಗಳುಗಳನ್ನು ಕಳೆಯುವುದು ಬುದ್ಧಿವಂತಿಕೆಯಲ್ಲ. ಇದೊಂದನ್ನು ಇಂಗ್ಲಿಷಿನಲ್ಲಿಯೇ ಬರೆಯಿರಿ, ಬೇಕಿದ್ದರೆ ಕೆಳಗೆ ಕನ್ನಡವನ್ನು ಸೇರಿಸಿರಿ. ಬರೆಯಲು ಆಗದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ಸಾರ್ವಜನಿಕ ಮಾಹಿತಿ ಅಧಿಕಾರಿ ನೆರವಾಗಬೇಕೆಂದು ಅದೇ ಕಲಂ ಹೇಳುತ್ತದೆ.

ಶುಲ್ಕ 10 ರೂಪಾಯಿ. ಕೇರಳದ ಕಚೇರಿಗಳಿಗೆ ಅದನ್ನು ಕೋರ್ಟ್ ಫೀ ಸ್ಟ್ಯಾಂಪಿನ ರೂಪದಲ್ಲಿ ಅಂಟಿಸುವುದು ಸುಲಭ. ಕೇಂದ್ರದ ಕಚೇರಿಗಳಿಗೆ ಕಳುಹಿಸುವ ಪೋಸ್ಟಲ್ ಆರ್ಡರನ್ನು ಇಲ್ಲಿಗೆ ಕಳುಹಿಸಬೇಡಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. “ಏಕೆ ಉತ್ತರಿಸಿಲ್ಲ” ಎಂಬ ಪ್ರಶ್ನೆ ಕೇಳಬೇಡಿ, ಅದು ವಿವರಣೆಯೇ ಹೊರತು ಮಾಹಿತಿಯಲ್ಲ. ಹೀಗೆ ಕೇಳಿರಿ: ಇಂತಹ ದಿನಾಂಕದ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಕಳೆದ ಒಂದು ವರ್ಷದಲ್ಲಿ ಈ ಕಚೇರಿಗೆ ಕನ್ನಡದಲ್ಲಿ ಬಂದ ಅರ್ಜಿಗಳ ಸಂಖ್ಯೆ ಮತ್ತು ಕನ್ನಡದಲ್ಲಿ ಕಳುಹಿಸಿದ ಉತ್ತರಗಳ ಸಂಖ್ಯೆ, ಕನ್ನಡ ಬಲ್ಲವರಿಗೆ ಮೀಸಲಾದ ಹುದ್ದೆಗಳೆಷ್ಟು, ಅವುಗಳಲ್ಲಿ ಭರ್ತಿಯಾದವು ಎಷ್ಟು.

30 ದಿನಗಳೊಳಗೆ ಮಾಹಿತಿ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ, ಅದಕ್ಕೂ ಫಲವಿಲ್ಲದಿದ್ದರೆ 90 ದಿನಗಳೊಳಗೆ ತಿರುವನಂತಪುರದ ರಾಜ್ಯ ಮಾಹಿತಿ ಆಯೋಗಕ್ಕೆ.

ಹಂತ 5: ಮೇಲಿನ ಮೆಟ್ಟಿಲುಗಳು

ಮೊದಲು ಜಿಲ್ಲಾಧಿಕಾರಿ. ಭಾಷಾ ಅಲ್ಪಸಂಖ್ಯಾತರ ಜಿಲ್ಲಾ ಸಮಿತಿಯ ಅಧ್ಯಕ್ಷರೂ ಅವರೇ ಆದ್ದರಿಂದ ದೂರಿನ ಶೀರ್ಷಿಕೆಯಲ್ಲಿ “ಭಾಷಾ ಅಲ್ಪಸಂಖ್ಯಾತ ಹಕ್ಕಿನ ಉಲ್ಲಂಘನೆ” ಎಂದು ಬರೆಯಿರಿ. ಇಲ್ಲವಾದರೆ ಅದು ಸಾಮಾನ್ಯ ದೂರುಗಳ ರಾಶಿಗೆ ಸೇರುತ್ತದೆ. ದೂರಿನ ಒಂದು ಪ್ರತಿಯನ್ನು ಸೆಕ್ರೆಟೇರಿಯಟ್‌ನ ಉದ್ಯೋಗಸ್ಥ ಭರಣ ಪರಿಷ್ಕಾರ (ಅಧಿಕೃತ ಭಾಷೆ) ಇಲಾಖೆಗೆ, ಅಂದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆಗೆ, ಕಳುಹಿಸಬೇಕು.

350ಬಿ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ರಾಷ್ಟ್ರಮಟ್ಟದಲ್ಲಿ ಆಯುಕ್ತರೊಬ್ಬರಿದ್ದಾರೆ. ಅವರು ರಾಷ್ಟ್ರಪತಿಯವರಿಗೆ ವರದಿ ಒಪ್ಪಿಸುತ್ತಾರೆ, ವರದಿ ಸಂಸತ್ತಿನ ಮುಂದೆ ಹೋಗುತ್ತದೆ. ರಾಜ್ಯದ ಅಧಿಕಾರಿಗೆ ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ವ್ಯಕ್ತಿಯೊಬ್ಬರ ಪಿಂಚಣಿಯ ದೂರಿಗಿಂತ “ಈ ಕಚೇರಿಯಲ್ಲಿ ಕನ್ನಡ ಬಲ್ಲ ಸಿಬ್ಬಂದಿಯೇ ಇಲ್ಲ” ಎಂಬಂತಹ ಸಾಮೂಹಿಕ ದೂರಿಗೆ ಅದು ತಕ್ಕ ಸ್ಥಳ. ಕೇರಳ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಹೋಗಬಹುದು, ಆದರೆ ಘಟನೆ ನಡೆದು ಒಂದು ವರ್ಷ ಕಳೆದಿದ್ದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ.

ಹಂತ 6: ಶಾಲೆಯ ವಿಷಯವಾದರೆ

ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕ: ಇದು ಕಾಸರಗೋಡಿನಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆ. 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯವನ್ನು ಒದಗಿಸಲು ರಾಜ್ಯ ಯತ್ನಿಸಬೇಕೆನ್ನುತ್ತದೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಅಧ್ಯಾಪಕರು ಇರಬೇಕೆಂಬ ಸೂತ್ರ 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನದಿಂದ ಬಂದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಸಹ ಮಾತೃಭಾಷೆಯ ಮಾಧ್ಯಮವನ್ನು ಹೇಳುತ್ತದೆ, ಆದರೆ “ಸಾಧ್ಯವಾದಷ್ಟು ಮಟ್ಟಿಗೆ” ಎಂಬ ಮಾತಿನೊಂದಿಗೆ. ಆ ಒಂದೇ ಕಲಮನ್ನು ನಂಬಿ ದೂರು ಬರೆದರೆ ಇಲಾಖೆ ಈ ಮಾತನ್ನೇ ಆಶ್ರಯಿಸುತ್ತದೆ. ಮೂರನ್ನೂ ಒಟ್ಟಿಗೆ ಉಲ್ಲೇಖಿಸಿರಿ.

ದೂರು ಅಧ್ಯಾಪಕರ ಮೇಲೆ ಇರಬಾರದು. ಅವರು ಪರೀಕ್ಷೆ ಬರೆದು ಪಟ್ಟಿಯಲ್ಲಿ ಬಂದವರು, ನೇಮಕದ ಆದೇಶವನ್ನು ಪಾಲಿಸಿದವರು. ಪ್ರಶ್ನಿಸಬೇಕಾದದ್ದು ಹುದ್ದೆಯನ್ನು: ಮಂಜೂರಾದದ್ದು ಕನ್ನಡ ಮಾಧ್ಯಮದ ಹುದ್ದೆಯೇ? ಲೋಕಸೇವಾ ಆಯೋಗದ ಅಧಿಸೂಚನೆಯಲ್ಲಿ ಆ ಹುದ್ದೆಗೆ ಕನ್ನಡದ ಯಾವ ಅರ್ಹತೆಯನ್ನು ಹೇಳಲಾಗಿತ್ತು? ಈ ಎರಡು ದಾಖಲೆಗಳನ್ನು ಮಾಹಿತಿ ಹಕ್ಕಿನಲ್ಲಿ ಪಡೆದು, ರಕ್ಷಕ ಶಿಕ್ಷಕ ಸಂಘದ ನಿರ್ಣಯದೊಂದಿಗೆ ಜಿಲ್ಲಾ ಶಿಕ್ಷಣಾಧಿಕಾರಿಗೂ ಜಿಲ್ಲಾಧಿಕಾರಿಗೂ ಸಲ್ಲಿಸಿರಿ.

ಹೆತ್ತವರು ತಪ್ಪದೆ ನೆನಪಿಡಬೇಕಾದ ದಿನವೊಂದಿದೆ. ಕೇರಳದಲ್ಲಿ ಅಧ್ಯಾಪಕ ಹುದ್ದೆಗಳ ನಿರ್ಣಯ ನಡೆಯುವುದು ಜೂನಿನಲ್ಲಿ ಶಾಲೆ ತೆರೆದ ನಂತರದ ಆರನೆಯ ಕೆಲಸದ ದಿನ ದಾಖಲಾಗಿರುವ ಮಕ್ಕಳ ಎಣಿಕೆಯ ಮೇಲೆ. ಅಂದು ನಿಮ್ಮ ಮಗುವಿನ ಹೆಸರು ಕನ್ನಡ ಮಾಧ್ಯಮದ ಡಿವಿಷನ್ನಿನಲ್ಲಿ ಇರದಿದ್ದರೆ ಆಗಸ್ಟಿನಲ್ಲಿ ಕೊಡುವ ಮನವಿಗೆ ಆ ವರ್ಷ ಹೆಚ್ಚಿನ ಬಲವಿರುವುದಿಲ್ಲ.

ಹಂತ 7: ತಾರತಮ್ಯ ಜಾತಿಯದಾದರೆ ದಾರಿ ಬೇರೆ

ಭಾಷೆಯ ದೂರು ಮತ್ತು ಜಾತಿಯ ದೂರನ್ನು ಒಂದೇ ಕಾಗದದಲ್ಲಿ ಬರೆಯಬೇಡಿ. ಮೊದಲನೆಯದು ಆಡಳಿತದ ಲೋಪ. ಎರಡನೆಯದು ಅಪರಾಧ, ಹೋಗಬೇಕಾದದ್ದು ಪೊಲೀಸ್ ಠಾಣೆಗೆ. ಇಲ್ಲಿಯೂ ರಾಜ್ಯದ ಗೆರೆ ಅಡ್ಡ ಬರುತ್ತದೆ. ಕೊರಗ ಬುಡಕಟ್ಟಿನವರನ್ನು ಅಜಲು ಪದ್ಧತಿಗೆ (ಕೂದಲು, ಉಗುರು ಬೆರೆಸಿದ ಅನ್ನವನ್ನು ತಿನ್ನಿಸುವಂತಹ ಅವಮಾನಕರ ರೂಢಿಗೆ) ದೂಡುವುದನ್ನು ನಿಷೇಧಿಸುವ 2000ದ ಅಧಿನಿಯಮ ಕರ್ನಾಟಕದ್ದು. ಅದೇ ಸಮುದಾಯದವರು ಕಾಸರಗೋಡಿನಲ್ಲಿಯೂ ಇದ್ದಾರೆ, ಆದರೆ ಇಲ್ಲಿನ ದೂರಿನಲ್ಲಿ ಆ ಅಧಿನಿಯಮ ನಡೆಯದು. ಇಲ್ಲಿ ಆಧಾರವಾಗುವುದು ಕೇಂದ್ರದ ಕಾನೂನುಗಳು: ಅಸ್ಪೃಶ್ಯತೆಯ ಆಚರಣೆಗೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಪರಿಶಿಷ್ಟರಲ್ಲದವರು ಪರಿಶಿಷ್ಟರ ಮೇಲೆ ನಡೆಸುವ ದೌರ್ಜನ್ಯಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ. ತಿನ್ನಲಾಗದ, ಅಸಹ್ಯವಾದ ವಸ್ತುವನ್ನು ತಿನ್ನುವಂತೆ ಬಲವಂತಪಡಿಸುವುದು ಎರಡನೆಯ ಕಾಯ್ದೆಯಲ್ಲಿ ಸ್ಪಷ್ಟವಾಗಿ ಅಪರಾಧ.

ದೌರ್ಜನ್ಯ ತಡೆ ಕಾಯ್ದೆಯ 18ಎ ಕಲಮಿನ ಪ್ರಕಾರ ಪ್ರಥಮ ವರ್ತಮಾನ ವರದಿ ದಾಖಲಿಸುವ ಮೊದಲು ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ. ತನಿಖೆ ನಡೆಸುವವರು ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು. ನಮ್ಮವರು ಎಡವುವುದು ಸಹಿಯಲ್ಲಿ. ಕನ್ನಡದಲ್ಲೋ ತುಳುವಿನಲ್ಲೋ ಹೇಳಿದ್ದನ್ನು ಪೊಲೀಸರು ಮಲಯಾಳದಲ್ಲಿ ಬರೆದುಕೊಳ್ಳುತ್ತಾರೆ, ಹೇಳಿದವರು ಓದದೆ ಸಹಿ ಹಾಕುತ್ತಾರೆ. ಜಾತಿನಿಂದನೆಯ ಮಾತೇ ಅದರಲ್ಲಿ ಇಲ್ಲದಿರುವುದು ವಿಚಾರಣೆಯ ಹೊತ್ತಿಗೆ ತಿಳಿಯುತ್ತದೆ. ಬರೆದದ್ದನ್ನು ಸಹಿಗೆ ಮೊದಲು ಓದಿ ಹೇಳುವುದು ಅದೇ ಕಾಯ್ದೆಯ 4ನೇ ಕಲಂ ಅಧಿಕಾರಿಗೆ ವಿಧಿಸಿದ ಕರ್ತವ್ಯ, ಲೋಪವಾದರೆ ಶಿಕ್ಷೆಯಿದೆ. ನಿಮಗೆ ತಿಳಿಯುವ ಭಾಷೆಯಲ್ಲಿ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿರಿ, ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಿರಿ.

ಹಂತ 8: ಹೈಕೋರ್ಟು

ಎಲ್ಲ ಮೆಟ್ಟಿಲುಗಳೂ ಮುಗಿದ ಮೇಲೆ 226ನೇ ವಿಧಿಯ ಪ್ರಕಾರ ಎರ್ನಾಕುಳದ ಕೇರಳ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ಕಾನೂನು ವಿಧಿಸಿದ ಕರ್ತವ್ಯವನ್ನು ಮಾಡುವಂತೆ ಅಧಿಕಾರಿಗೆ ನ್ಯಾಯಾಲಯ ಕೊಡುವ ಆಜ್ಞೆಯನ್ನು ಪರಮಾದೇಶ ಎನ್ನುತ್ತಾರೆ. ಅದನ್ನು ಕೇಳುವವರು ಬೇಡಿಕೆ ಸಲ್ಲಿಸಿದ್ದನ್ನೂ ಅದು ಈಡೇರದ್ದನ್ನೂ ತೋರಿಸಬೇಕಾಗುತ್ತದೆ. ಎರಡನೆಯ ಹಂತದ ಆ ಕೊನೆಯ ವಾಕ್ಯ, ಮೂರನೆಯ ಹಂತದ ಮೊಹರು ಬಿದ್ದ ಪ್ರತಿ ಈಗ ಬೆಲೆಗೆ ಬರುತ್ತವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಅದಕ್ಕಾಗಿ ವಿದ್ಯಾನಗರದ ನ್ಯಾಯಾಲಯ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಹೈಕೋರ್ಟಿನ ಭಾಷೆ ಇಂಗ್ಲಿಷ್ ಆಗಿರುವುದರಿಂದ ನಿಮ್ಮ ಪ್ರತಿಯೊಂದು ಕನ್ನಡ ದಾಖಲೆಗೂ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ವಕೀಲರ ಬಳಿಗೆ ಹೋಗುವ ಮೊದಲೇ ಅವುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಅನುವಾದವನ್ನು ಬೆನ್ನಿಗೆ ಲಗತ್ತಿಸಿ ಒಯ್ಯಿರಿ.